ಅಂತರ್ಜಾಲ ಚಿತ್ರಗಳ ಸಂಗ್ರಹ: ಎರಡು ಕ್ರಮಗಳ ಇತಿಹಾಸ

ಅಂತರ್ಜಾಲ ತಾಣದ ಚಿತ್ರಗಳನ್ನು ಡೇಟಾಬೇಸಿನೊಳಗೇ ಇಡಬೇಕೆ, ಅಥವಾ ಡಿಸ್ಕಿನಲ್ಲಿ ಬಿಡಿ ಕಡತಗಳಾಗಿಟ್ಟು ಅವುಗಳ ಹೆಸರನ್ನು ಮಾತ್ರ ಡೇಟಾಬೇಸಿನಲ್ಲಿ ನಮೂದಿಸಬೇಕೆ ಎಂಬುದನ್ನು ಕೇವಲ ಯಂತ್ರಕುಶಲರ ಚರ್ಚೆಯೆಂದು ಭಾವಿಸುವುದುಂಟು. ಚಿತ್ರಕ್ಕೂ ಅದರ ದಾಖಲೆಗೂ ಇರುವ ಸಂಬಂಧದ ರಕ್ಷಣೆಯೇ ಇದರ ತಿರುಳೆಂದು ನಮ್ಮ ಅಭಿಪ್ರಾಯ. ಆ ಸಂಬಂಧ ಕಡಿದಲ್ಲಿ ಹೆಸರಿಲ್ಲದ ಚಿತ್ರಗಳೂ ಚಿತ್ರವಿಲ್ಲದ ಹೆಸರುಗಳೂ ಉಳಿದು, ಸಂಗ್ರಹವು ಆಧಾರವೆನಿಸುವ ಯೋಗ್ಯತೆಯನ್ನೇ ಕಳೆದುಕೊಳ್ಳುತ್ತದೆ.

ಮೊದಲನೆಯ ಕ್ರಮಕ್ಕೆ 1998ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಆರಂಭಿಸಿದ ಟೆರಾಸರ್ವರ್ ಉತ್ತಮ ನಿದರ್ಶನ. ಜಿಮ್ ಗ್ರೇ ಮತ್ತು ಅವರ ಸಂಗಡಿಗರು ವಿಮಾನ ಹಾಗೂ ಉಪಗ್ರಹಗಳಿಂದ ತೆಗೆದ ಭೂಚಿತ್ರಗಳನ್ನು ಸುಮಾರು 10 ಕಿಲೋಬೈಟುಗಳ ತುಣುಕುಗಳಾಗಿ ವಿಭಜಿಸಿ ಡೇಟಾಬೇಸಿನಲ್ಲಿಯೇ ಇರಿಸಿದರು. ಈ ಕ್ರಮದಲ್ಲಿ ಚಿತ್ರವೂ ವಿವರವೂ ಒಂದೇ ಕ್ರಿಯೆಯಲ್ಲಿ ದಾಖಲಾಗಬಲ್ಲವಾದುದರಿಂದ ಒಂದನ್ನಗಲಿ ಇನ್ನೊಂದು ಉಳಿಯುವ ಭಯವಿಲ್ಲ. ಎರಡರ ಮರುಪ್ರತಿಯನ್ನೂ ಒಟ್ಟಿಗೆ ತೆಗೆದಿಡಬಹುದು.

ಆದರೆ ಈ ಕ್ರಮವು ಎಲ್ಲ ಗಾತ್ರದ ಚಿತ್ರಗಳಿಗೂ ಸಲ್ಲದೆಂಬುದನ್ನು ತೋರಿಸಿಕೊಟ್ಟವರಲ್ಲಿ ಗ್ರೇ ಅವರೂ ಒಬ್ಬರು. 2006ರಲ್ಲಿ ರಸೆಲ್ ಸಿಯರ್ಸ್ ಮತ್ತು ಕ್ಯಾಥರೀನ್ ವ್ಯಾನ್ ಇಂಗೆನ್ ಅವರೊಡನೆ ನಡೆಸಿದ ಪ್ರಯೋಗಗಳಲ್ಲಿ, 256 ಕಿಲೋಬೈಟಿಗಿಂತ ಚಿಕ್ಕ ವಸ್ತುಗಳಿಗೆ ಡೇಟಾಬೇಸೂ 1 ಮೆಗಾಬೈಟಿಗಿಂತ ದೊಡ್ಡವುಗಳಿಗೆ ಕಡತ ವ್ಯವಸ್ಥೆಯೂ ಅನುಕೂಲವೆಂದು ಕಂಡುಬಂದಿತು. ನಡುವಿನ ಗಾತ್ರದವುಗಳ ವಿಷಯವು ಅವನ್ನು ಎಷ್ಟು ಬಾರಿ ಬದಲಿಸಲಾಗುತ್ತದೆ ಎಂಬುದನ್ನು ಅವಲಂಬಿಸಿದ್ದಿತು. ಪದೇ ಪದೇ ಬದಲಿಸಿದಂತೆ ವಸ್ತುಗಳು ಡಿಸ್ಕಿನಲ್ಲಿ ಚೂರುಚೂರಾಗಿ ಹರಡಿಹೋಗುವುದೇ ಇದಕ್ಕೆ ಮುಖ್ಯ ಕಾರಣ. ಈ ಅಂಕಿಗಳು ಆ ಕಾಲದ ಯಂತ್ರಗಳಿಗೆ ಸಂಬಂಧಿಸಿದವೆಂಬುದನ್ನು ಮರೆಯಲಾಗದು.

ಕಡತ ವ್ಯವಸ್ಥೆಯೂ ದೋಷರಹಿತವಲ್ಲ. ಕಡತವೊಂದನ್ನು ಓದುವ ಮುನ್ನ ಅದು ಇರುವ ಸ್ಥಳ, ಅದರ ಒಡೆತನ, ಅನುಮತಿ ಮೊದಲಾದ ವಿವರಗಳನ್ನು ಹುಡುಕಬೇಕಾಗುತ್ತದೆ. ಫೇಸ್‌ಬುಕ್ ಸಂಸ್ಥೆಯ ಆರಂಭದ ವ್ಯವಸ್ಥೆಯಲ್ಲಿ, ಒಂದೊಂದು ಕೋಶದಲ್ಲಿ ಸಾವಿರಾರು ಕಡತಗಳಿದ್ದಾಗ, ಒಂದು ಚಿತ್ರಕ್ಕಾಗಿ ಡಿಸ್ಕನ್ನು 10ಕ್ಕೂ ಹೆಚ್ಚು ಬಾರಿ ತಡಕಬೇಕಾಗುತ್ತಿದ್ದಿತು. 2010ರಲ್ಲಿ ಪ್ರಕಟವಾದ ಹೇಸ್ಟ್ಯಾಕ್ ಯೋಜನೆಯು ಅನೇಕ ಚಿತ್ರಗಳನ್ನು ಒಂದೇ ಬೃಹತ್ ಕಡತದಲ್ಲಿ ಸಾಲಾಗಿ ಜೋಡಿಸಿ, ಅವುಗಳ ಸ್ಥಾನಸೂಚಿಯನ್ನು ಗಣಕದ ಸ್ಮೃತಿಯಲ್ಲಿಯೇ ಇರಿಸಿ ಈ ತೊಡಕನ್ನು ಪರಿಹರಿಸಿತು. ಇದು ಮೇಲಿನ ಎರಡು ಕ್ರಮಗಳಿಗೂ ಭಿನ್ನವಾದ ಮಾರ್ಗ.

ಮೇಲ್ಕಂಡ ಸಂಗತಿಗಳಿಂದ, ವೇಗದ ಪ್ರಶ್ನೆಗೆ ಉತ್ತರವು ಗಾತ್ರ ಮತ್ತು ಬಳಕೆಗಳಿಗೆ ತಕ್ಕಂತೆ ಬದಲಾಗುತ್ತದೆಂದು ವಿದಿತವಾಗುತ್ತದೆ. ಬದಲಾಗದಿರುವುದು ದಾಖಲೆಯ ಹೊಣೆಯೊಂದೇ. ಓಲೆಗರಿಗಳ ಬೃಹದ್ಗಾತ್ರದ ಛಾಯಾಪ್ರತಿಗಳನ್ನು ಕಡತಗಳಾಗಿ ಇಡುವುದೇ ಯುಕ್ತವಾಗಬಹುದು. ಆದರೆ ಹಾಗೆ ಇಟ್ಟವರು ಸೂಚಿಯನ್ನೂ ಕಡತಗಳನ್ನೂ ನಿಯತಕಾಲಗಳಲ್ಲಿ ತಾಳೆನೋಡಲೇಬೇಕು. ಇಲ್ಲದಿದ್ದಲ್ಲಿ ಗರಿಯ ಚಿತ್ರ ಉಳಿದರೂ ಅದು ಯಾವ ಗ್ರಂಥದ ಗರಿಯೆಂಬ ಅರಿವು ಅಳಿದೀತು.