ವಿದ್ಯುದ್ವಾಹನದ ಅಗೋಚರ ಸೂತ್ರ

ಕ್ರಯಕ್ಕೆ ಕೊಂಡ ವಸ್ತುವಿಗೆ ಕೊಂಡವನೇ ಒಡೆಯನೆಂಬುದು ಲೋಕವ್ಯವಹಾರದಲ್ಲಿ ಬಹುಕಾಲದಿಂದ ನಡೆದುಬಂದಿರುವ ನಂಬಿಕೆ. ಎತ್ತಿನ ಗಾಡಿಯನ್ನು ಕೊಂಡವನು ಅದನ್ನು ಮಾಡಿಕೊಟ್ಟ ಬಡಗಿಯ ಮನೆಯತ್ತ ಮರಳಿ ಹೋಗಬೇಕಾದುದು ಅಚ್ಚು ಮುರಿದಾಗ ಮಾತ್ರವೇ. ಪೆಟ್ರೋಲಿನಿಂದ ನಡೆಯುವ ಮೋಟಾರು ಗಾಡಿಯೂ ಬಹುಮಟ್ಟಿಗೆ ಇದೇ ನಿಯಮಕ್ಕೆ ಒಳಪಟ್ಟಿದ್ದಿತು. ವಿದ್ಯುಚ್ಛಕ್ತಿಯಿಂದ ನಡೆಯುವ ಇಂದಿನ ಕಾರಾದರೋ, ಮನೆಯ ಅಂಗಳದಲ್ಲಿ ನಿಂತಿರುವಾಗಲೂ ತನ್ನನ್ನು ನಿರ್ಮಿಸಿದ ಕಂಪೆನಿಯೊಡನೆ ನಿಸ್ತಂತು ಮಾರ್ಗದಿಂದ ಸಂಬಂಧವನ್ನಿಟ್ಟುಕೊಂಡಿರುತ್ತದೆ. ಈ ಸಂಬಂಧವು ಹೇಗೆ ಹುಟ್ಟಿತು, ಅದರ ವೆಚ್ಚವನ್ನು ಯಾರು ತೆತ್ತರು, ಅದು ಕಡಿದುಹೋದಾಗ ಏನಾಯಿತು ಎಂಬುದರ ಚರಿತ್ರೆಯು ಅಲ್ಪಕಾಲದ್ದೇ ಆದರೂ ವಿಚಾರಾರ್ಹವಾದುದು.

ಗಾಡಿಗಾಗಿ ತಿಂಗಳ ಚಂದಾ ತೆರುವುದು ತೀರ ಹೊಸ ಮಾತೇನೂ ಅಲ್ಲ. ೧೯೪೬ನೆಯ ಇಸವಿ ಜೂನ್ ೧೭ರಂದು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಬೆಲ್ ಟೆಲಿಫೋನು ಸಂಸ್ಥೆಯವರು ಮೋಟಾರು ಗಾಡಿಗಳಿಗೆ ಟೆಲಿಫೋನು ಸೌಕರ್ಯವನ್ನು ಒದಗಿಸಿದರು. ಗಾಡಿಯಲ್ಲಿಡಬೇಕಾದ ಯಂತ್ರದ ತೂಕ ಸುಮಾರು ೮೦ ಪೌಂಡು. ಚಂದಾ ತಿಂಗಳಿಗೆ ೧೫ ಡಾಲರು. ಊರೊಳಗಿನ ಪ್ರತಿಯೊಂದು ಕರೆಗೂ ೩೦ರಿಂದ ೪೦ ಸೆಂಟುಗಳ ಬೇರೆ ಶುಲ್ಕ. ಇಷ್ಟನ್ನು ತೆತ್ತರೂ ಒಂದೇ ಕಾಲದಲ್ಲಿ ಮೂವರು ಚಂದಾದಾರರಿಗಿಂತ ಹೆಚ್ಚು ಮಂದಿ ಮಾತನಾಡುವಂತಿರಲಿಲ್ಲ. ಇದಕ್ಕೆ ಕಾರಣವು ಯಂತ್ರದ ದೋಷವಲ್ಲ. ರೇಡಿಯೋ ತರಂಗಗಳ ಹರವು ಊರಿನ ಸಾಗುವಳಿ ನೆಲದಂತೆ ಪರಿಮಿತವಾದುದು. ಒಬ್ಬರು ಉಳುತ್ತಿರುವ ಪಟ್ಟಿಯಲ್ಲಿ ಅದೇ ವೇಳೆಗೆ ಮತ್ತೊಬ್ಬರು ಉಳಲಾಗದು. ಮುಂದಿನ ಕಥೆಗೆಲ್ಲ ಈ ಪರಿಮಿತಿಯೇ ಮೂಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಅರ್ಧ ಶತಮಾನವಾದ ಮೇಲೆ, ೧೯೯೬ರಲ್ಲಿ, ಜನರಲ್ ಮೋಟಾರ್ಸ್ ಕಂಪೆನಿಯವರು ಆನ್‌ಸ್ಟಾರ್ ಎಂಬ ಸೇವೆಯನ್ನು ಕ್ಯಾಡಿಲ್ಯಾಕ್ ಗಾಡಿಗಳಲ್ಲಿ ಆರಂಭಿಸಿದರು. ಅಪಘಾತದಲ್ಲಿ ಗಾಳಿಚೀಲ ಬಿಚ್ಚಿಕೊಂಡರೆ ಗಾಡಿಯೇ ಸಹಾಯಕೇಂದ್ರವನ್ನು ಕರೆಯುವುದು ಇದರ ವಿಶೇಷ. ಆಗಿನ ಯಂತ್ರಗಳು ಅನಲಾಗ್ ಎಂಬ ಹಳೆಯ ಪದ್ಧತಿಯ ಟೆಲಿಫೋನು ಜಾಲವನ್ನು ಅವಲಂಬಿಸಿದ್ದುವು. ಆ ಪದ್ಧತಿಯು ಸ್ವಲ್ಪ ಮಾತಿಗೆ ಬಹಳ ತರಂಗಾವಕಾಶವನ್ನು ನುಂಗುತ್ತಿದ್ದುದರಿಂದ, ಟೆಲಿಫೋನು ಕಂಪೆನಿಗಳು ಅದನ್ನು ೨೦೦೮ರ ಫೆಬ್ರವರಿ ೧೮ರ ತರುವಾಯ ನಡೆಸಬೇಕಾಗಿಲ್ಲವೆಂದು ಅಮೆರಿಕದ ಸರಕಾರವು ವಿಧಿಸಿತು. ಆ ವರ್ಷದ ಆರಂಭಕ್ಕೇ ಆನ್‌ಸ್ಟಾರಿನ ಅನಲಾಗ್ ಸೇವೆಯು ನಿಂತುಹೋಯಿತು. ಕೆಲವು ಗಾಡಿಗಳಿಗೆ ಹೊಸ ಯಂತ್ರವನ್ನು ಜೋಡಿಸಲು ಸಾಧ್ಯವಾಯಿತು. ಅನೇಕ ಗಾಡಿಗಳಿಗೆ ಆಗಲಿಲ್ಲ. ಎಂಜಿನು ದೃಢವಾಗಿ, ಚಕ್ರಗಳು ಸರಿಯಾಗಿ ಇದ್ದ ಗಾಡಿಗಳು ಮೂಕವಾದುವು. ಜಾಲದ ಆಯುಷ್ಯವು ಗಾಡಿಯ ಆಯುಷ್ಯಕ್ಕಿಂತ ಕಿರಿದೆಂಬುದು ಅಂದು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಪ್ರಕಟವಾಯಿತು.

ಪೆಟ್ರೋಲು ಗಾಡಿಗೆ ಈ ಸಂಬಂಧವು ಒಂದು ಅನುಕೂಲ ಮಾತ್ರವಾಗಿದ್ದರೆ, ವಿದ್ಯುತ್ ಕಾರಿಗೆ ಬಹುಮಟ್ಟಿಗೆ ಅವಶ್ಯವೇ ಆಯಿತು. ಪೆಟ್ರೋಲು ತುಂಬುವುದಕ್ಕೆ ಕೆಲವು ನಿಮಿಷಗಳು ಸಾಕು; ಮನೆಯ ವಿದ್ಯುತ್ತಿನಿಂದ ಬ್ಯಾಟರಿಯನ್ನು ತುಂಬುವುದಕ್ಕೆ ಗಂಟೆಗಟ್ಟಲೆ ಬೇಕು. ಆದುದರಿಂದ ಎಷ್ಟು ತುಂಬಿದೆ, ಇನ್ನೆಷ್ಟು ದೂರ ಹೋಗಬಹುದು, ದಾರಿಯಲ್ಲಿ ಮತ್ತೆ ತುಂಬಿಕೊಳ್ಳುವ ಸ್ಥಳವೆಲ್ಲಿದೆ ಎಂಬುದನ್ನು ದೂರದಿಂದಲೇ ತಿಳಿಯುವ ಅಪೇಕ್ಷೆಯು ಸಹಜವಾದುದು. ದಾರಿಯ ನಡುವೆ ಶಕ್ತಿಯು ಬತ್ತಿಹೋದೀತೆಂಬ ಅಂಜಿಕೆಯೇ ಈ ಗಾಡಿಗಳ ಪ್ರಚಾರಕ್ಕೆ ದೊಡ್ಡ ಅಡ್ಡಿಯಾಗಿದ್ದಿತು.

ಈ ಅಂಜಿಕೆಗೆ ನಿಸ್ತಂತು ಪರಿಹಾರವನ್ನು ಮೊದಲಲ್ಲಿ ಕಲ್ಪಿಸಿದವರ ಸಾಲಿನಲ್ಲಿ ನಮ್ಮ ನಾಡಿನವರೂ ಇರುವುದು ಸಂತೋಷದ ಸಂಗತಿ. ಚೇತನ್ ಮೈನಿಯವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಸಿದ್ಧವಾಗಿ ೨೦೦೧ರಲ್ಲಿ ಮಾರಾಟಕ್ಕೆ ಬಂದ ರೇವಾ ಎಂಬ ಪುಟ್ಟ ಕಾರು ಲಂಡನ್ ನಗರದ ಬೀದಿಗಳಲ್ಲಿಯೂ ಸಂಚರಿಸಿದ್ದಿತು. ಅದೇ ಕಂಪೆನಿಯವರು ೨೦೦೯ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ರಿವೈವ್ ಎಂಬ ಏರ್ಪಾಡನ್ನು ಪ್ರಕಟಿಸಿದರು. ಬ್ಯಾಟರಿ ಬರಿದಾಗಿ ಗಾಡಿ ನಿಂತರೆ ಚಾಲಕನು ಕಂಪೆನಿಯ ಕೇಂದ್ರಕ್ಕೆ ಟೆಲಿಫೋನು ಮಾಡುವುದು ಅಥವಾ ಕಿರುಸಂದೇಶ ಕಳುಹಿಸುವುದು. ಕೇಂದ್ರದವರು ದೂರದಿಂದಲೇ ಬ್ಯಾಟರಿಯ ಸ್ಥಿತಿಯನ್ನು ಪರೀಕ್ಷಿಸಿ, ಅದರಲ್ಲಿ ಕಾಯ್ದಿರಿಸಿದ್ದ ಅಲ್ಪ ಶಕ್ತಿಯನ್ನು ಬಿಡುಗಡೆ ಮಾಡುವುದು. ಇದು ಆಪತ್ಕಾಲಕ್ಕೆಂದು ಹಗೇವಿನಲ್ಲಿ ಧಾನ್ಯವಿಡುವಂತಹ ವಿವೇಕವೇ ಸರಿ. ಆದರೆ ಇಲ್ಲಿ ಹಗೇವು ಗಾಡಿಯ ಒಡೆಯನಲ್ಲಿದೆ, ಬೀಗದ ಕೈ ಕಂಪೆನಿಯಲ್ಲಿದೆ ಎಂಬ ಭೇದವನ್ನು ಗಮನಿಸಬೇಕು.

ಈ ಭೇದದ ಅರ್ಥವು ೨೦೧೭ರ ಸೆಪ್ಟೆಂಬರಿನಲ್ಲಿ ಎಲ್ಲರಿಗೂ ಸ್ಪಷ್ಟವಾಯಿತು. ಅಮೆರಿಕದ ಫ್ಲಾರಿಡಾ ಪ್ರಾಂತಕ್ಕೆ ಇರ್ಮಾ ಎಂಬ ಚಂಡಮಾರುತವು ಎರಗಿ ಬರುತ್ತಿರಲು, ಜನರು ಮನೆಮಠಗಳನ್ನು ಬಿಟ್ಟು ಹೊರಟರು. ಆಗ ಟೆಸ್ಲಾ ಕಂಪೆನಿಯವರು ಅಲ್ಲಿನ ಕೆಲವು ಕಾರುಗಳ ಬ್ಯಾಟರಿಯ ಬಲವನ್ನು ನಿಸ್ತಂತು ಆಜ್ಞೆಯಿಂದ ತಾತ್ಕಾಲಿಕವಾಗಿ ಹೆಚ್ಚಿಸಿದರು. ಆ ಗಾಡಿಗಳಲ್ಲಿದ್ದುದು ೭೫ ಕಿಲೋವಾಟ್-ಗಂಟೆಗಳ ಬ್ಯಾಟರಿ. ಕಡಮೆ ಬೆಲೆಗೆ ಮಾರಿದ್ದುದರಿಂದ ೬೦ರಷ್ಟೇ ದೊರೆಯುವಂತೆ ಕಟ್ಟಿಡಲಾಗಿದ್ದಿತು. ಸಂಕಟದಲ್ಲಿದ್ದವರಿಗೆ ಅದು ನಿಜವಾದ ಉಪಕಾರ. ಆದರೆ ದಿನವೂ ತಾವು ಹೊತ್ತು ತಿರುಗುತ್ತಿದ್ದ ಶಕ್ತಿಯು ತಮ್ಮ ಅಧೀನದಲ್ಲಿರಲಿಲ್ಲವೆಂಬುದೂ ಆ ಉಪಕಾರದಿಂದಲೇ ಬಯಲಾಯಿತು. ಕೊಡಬಲ್ಲ ಕೈಯು ತಡೆಯಲೂ ಬಲ್ಲದಷ್ಟೆ.

ಇನ್ನು ವೆಚ್ಚದ ಮಾತು. ಟೆಸ್ಲಾ ಕಂಪೆನಿಯವರು ೨೦೧೨ರಲ್ಲಿ ಮಾಡೆಲ್ ಎಸ್ ಕಾರನ್ನು ಹೊರತಂದಾಗ ಮೂರನೆಯ ತಲೆಮಾರಿನ ಜಾಲಕ್ಕೆ ಹೊಂದುವ ಯಂತ್ರವನ್ನು ಅದರೊಳಗೇ ಇಟ್ಟು, ಗಾಡಿಯ ಗುಣಗಳನ್ನೇ ಆಗಾಗ ನಿಸ್ತಂತು ಮಾರ್ಗದಿಂದ ತಿದ್ದುವ ಪದ್ಧತಿಯನ್ನು ರೂಢಿಗೆ ತಂದರು. ಜಾಲದ ಬಾಡಿಗೆಯನ್ನು ಮೊದಮೊದಲು ಕಂಪೆನಿಯೇ ಹೊತ್ತಿತು. ಗಾಡಿಗಳ ಸಂಖ್ಯೆ ಬೆಳೆದಂತೆ ಈ ಔದಾರ್ಯವು ಕುಗ್ಗಿತು. ೨೦೧೮ರ ಜುಲೈ ತಿಂಗಳಿಂದ ಈಚೆಗೆ ಕೊಂಡವರಿಗೆ ಸಂಗೀತ, ಚಲಚ್ಚಿತ್ರ, ರಸ್ತೆಯ ಸಂದಣಿಯ ಚಿತ್ರ ಮುಂತಾದ ವಿಶೇಷ ಸೌಕರ್ಯಗಳು ಉಚಿತವಾಗಿ ಉಳಿಯಲಿಲ್ಲ. ೨೦೧೯ರ ಕೊನೆಯ ಹೊತ್ತಿಗೆ ಅವುಗಳಿಗೆ ಅಮೆರಿಕದಲ್ಲಿ ತಿಂಗಳಿಗೆ ೯.೯೯ ಡಾಲರಿನ ಡೇಟಾ ಚಂದಾ ನಿಶ್ಚಯವಾಯಿತು. ೨೦೨೨ರ ಜುಲೈಯಲ್ಲಿ, ಸಾಮಾನ್ಯ ಸಂಪರ್ಕವು ಕೂಡ ಹೊಸ ಗಾಡಿಗಳಿಗೆ ಎಂಟು ವರ್ಷಗಳವರೆಗೆ ಮಾತ್ರವೇ ಎಂದು ಕಂಪೆನಿಯು ಸಾರಿತು.

ಚಂದಾ ತೆರಲು ಸಿದ್ಧರಿದ್ದವರಿಗೂ ಸಂಪರ್ಕವು ಉಳಿದೀತೆಂಬ ನೆಚ್ಚಿಕೆಯಿಲ್ಲವೆಂಬುದಕ್ಕೆ ನಿಸ್ಸಾನ್ ಕಂಪೆನಿಯ ಲೀಫ್ ಕಾರಿನ ವೃತ್ತಾಂತವೇ ಸಾಕ್ಷಿ. ೨೦೧೦ರ ಡಿಸೆಂಬರಿನಲ್ಲಿ ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಮಾರಾಟಕ್ಕೆ ಬಂದ ಈ ಕಾರಿನ ಒಡೆಯನು ಚಳಿಗಾಲದ ಮುಂಜಾವಿನಲ್ಲಿ ಹಾಸಿಗೆಯಿಂದ ಏಳುವ ಮೊದಲೇ, ಮನೆಯ ವಿದ್ಯುತ್ತಿನಿಂದ ಗಾಡಿಯನ್ನು ಬೆಚ್ಚಗಾಗಿಸಿ ಬ್ಯಾಟರಿಯನ್ನು ಉಳಿಸಿಕೊಳ್ಳಬಹುದಾಗಿದ್ದಿತು. ಅಮೆರಿಕದ ಮೊದಲ ಗಾಡಿಗಳಲ್ಲಿದ್ದುದು ಎರಡನೆಯ ತಲೆಮಾರಿನ ಯಂತ್ರ. ೨೦೧೬ರ ಅಂತ್ಯಕ್ಕೆ ಎಟಿ ಅಂಡ್ ಟಿ ಕಂಪೆನಿಯು ಆ ಜಾಲವನ್ನು ಮುಚ್ಚಿತು. ೧೯೯ ಡಾಲರು ತೆತ್ತವರಿಗೆ ಮೂರನೆಯ ತಲೆಮಾರಿನ ಯಂತ್ರವು ದೊರೆಯಿತು. ೨೦೨೨ರ ಫೆಬ್ರವರಿ ೨೨ರಂದು ಆ ಮೂರನೆಯ ಜಾಲವೂ ಮುಚ್ಚಿತು. ಬ್ರಿಟನ್ನಿನಲ್ಲಾದರೋ ಎರಡನೆಯ ತಲೆಮಾರಿನ ಜಾಲವು ಇನ್ನೂ ಜೀವಂತವಾಗಿದ್ದಾಗಲೇ, ೨೦೨೪ರ ಏಪ್ರಿಲ್ ೧ರಿಂದ ಹಳೆಯ ಲೀಫ್‌ಗಳ ಈ ಸೇವೆಯನ್ನು ಕಂಪೆನಿಯೇ ನಿಲ್ಲಿಸಿತು.

ನ್ಯಾಯವಾಗಿ ಹೇಳುವುದಾದರೆ, ಇವುಗಳಲ್ಲಿ ಯಾವ ಗಾಡಿಯ ಚಕ್ರವೂ ಇದರಿಂದ ನಿಲ್ಲಲಿಲ್ಲ. ಒಳಗೆ ಕುಳಿತು ಗುಂಡಿಯನ್ನೊತ್ತಿದರೆ ನಡೆಯುವ ಕೆಲಸಗಳೆಲ್ಲ ಮುಂಚಿನಂತೆಯೇ ನಡೆದುವು. ದೂರದಿಂದ ಆಳುವ ಶಕ್ತಿ ಮಾತ್ರ ಹೋಯಿತು. ಟೆಲಿಫೋನು ಕಂಪೆನಿಗಳನ್ನು ಸುಮ್ಮನೆ ನಿಂದಿಸುವುದೂ ತರವಲ್ಲ. ಪರಿಮಿತವಾದ ತರಂಗಾವಕಾಶವನ್ನು ಹಳೆಯ ಪದ್ಧತಿಗೇ ಮೀಸಲಾಗಿಟ್ಟರೆ ಹೊಸ ಚಂದಾದಾರರ ಲಕ್ಷಾಂತರ ಮಂದಿಗೆ ಅನ್ಯಾಯವಾಗುವುದು. ಸೇಂಟ್ ಲೂಯಿಸಿನಲ್ಲಿ ಮೂವರಿಗೆ ಮೀಸಲಾಗಿದ್ದುದು ಇಂದು ಜನಸಾಮಾನ್ಯರಿಗೆ ಲಭ್ಯವಾಗಿರುವುದು ಹಳೆಯ ಜಾಲಗಳನ್ನು ಕಿತ್ತು ಹೊಸವನ್ನು ನೆಟ್ಟುದರಿಂದಲೇ.

ಆದರೆ ಸಾವು ಸಹಜವೆಂದ ಮಾತ್ರಕ್ಕೆ ಅದನ್ನು ಮರೆಮಾಚಿ ಮಾರುವುದು ಸಹಜವಾಗದು. ಜೀತದ ಒಪ್ಪಂದಕ್ಕೂ ಗೇಣಿಯ ಪತ್ರಕ್ಕೂ ಅವಧಿಯನ್ನು ಬರೆಯುವ ವಾಡಿಕೆ ಹಿಂದೆ ನಮ್ಮಲ್ಲಿದ್ದಿತು. ಗಾಡಿಯ ಕ್ರಯಪತ್ರದಲ್ಲಿಯೂ ಸಂಪರ್ಕದ ಅವಧಿ ಎಷ್ಟು, ಅದು ಮುಗಿದ ಮೇಲೆ ಉಳಿಯುವ ಗುಣಗಳಾವುವು, ಯಂತ್ರವನ್ನು ಬದಲಿಸುವ ವೆಚ್ಚವು ಯಾರದು ಎಂಬುದನ್ನು ಬರೆದುಕೊಡುವುದೇ ಧರ್ಮ. ಎಂಟು ವರ್ಷವೆಂದು ಸಾರಿದುದು ಔದಾರ್ಯದ ಕುಗ್ಗುವಿಕೆಯೇ ಆದರೂ, ಅವಧಿಯನ್ನು ಮುಂದಾಗಿಯೇ ಹೇಳಿದ ಮಟ್ಟಿಗೆ ಅದು ಮೌನಕ್ಕಿಂತ ಮೇಲು. ಗಾಡಿಯನ್ನು ಕೊಳ್ಳುವ ಗೃಹಸ್ಥನು ಬ್ಯಾಟರಿಯು ಎಷ್ಟು ಮೈಲಿ ಓಡಿಸುವುದೆಂದು ಕೇಳುವುದರ ಜೊತೆಗೆ, ಕಣ್ಣಿಗೆ ಕಾಣದ ಈ ಸೂತ್ರವು ಎಷ್ಟು ವರ್ಷ ಬಾಳುವುದೆಂದೂ ಕೇಳತಕ್ಕದ್ದು.