ಕನ್ನೋಲಿ

ಕನ್ನೋಲಿ ಇಟಲಿಯ ಸಿಸಿಲಿ ದ್ವೀಪದ ಸಾಂಪ್ರದಾಯಿಕ ಸಿಹಿತಿನಿಸು. ತೆಳುವಾಗಿ ಲಟ್ಟಿಸಿದ ಹಿಟ್ಟನ್ನು ಕೊಳವೆಯೊಂದಕ್ಕೆ ಸುತ್ತಿ ಕರಿದು, ಹಾಗೆ ದೊರೆತ ಟೊಳ್ಳು ಕವಚದೊಳಗೆ ಸಕ್ಕರೆ ಬೆರೆಸಿದ ಕುರಿಹಾಲಿನ ರಿಕೊಟ್ಟವನ್ನು ತುಂಬಿ ಇದನ್ನು ಸಿದ್ಧಪಡಿಸಲಾಗುತ್ತದೆ. ಇಟಲಿಯ ಕೃಷಿ ಸಚಿವಾಲಯವು ಪ್ರಕಟಿಸುವ ಸಾಂಪ್ರದಾಯಿಕ ಆಹಾರೋತ್ಪನ್ನಗಳ ಪಟ್ಟಿಯಲ್ಲಿ ಸಿಸಿಲಿಯ ಕನ್ನೋಲಿಗೆ ಸ್ಥಾನವಿದೆ. ಈ ತಿನಿಸಿನ ಎರಡು ಭಾಗಗಳು ಗುಣದಲ್ಲಿ ಪರಸ್ಪರ ವಿರುದ್ಧವಾದವು. ಕವಚವು ಒಣಗಿ ಗರಿಗರಿಯಾಗಿರಬೇಕು, ಹೂರಣವಾದರೋ ತೇವದಿಂದ ಕೂಡಿರುತ್ತದೆ. ಎರಡೂ ಸೇರಿದ ಕೆಲವು ಗಂಟೆಗಳಲ್ಲಿ ಕವಚ ಮೆತ್ತಗಾಗುತ್ತದೆ. ಆದ್ದರಿಂದ ತಯಾರಿಕೆಯ ಬಹುತೇಕ ನಿಯಮಗಳು, ತಿನ್ನುವ ಗಳಿಗೆಯವರೆಗೆ ಇವೆರಡನ್ನೂ ಬೇರೆಯಾಗಿಡುವ ಅಥವಾ ಹೂರಣದ ನೀರನ್ನು ತಗ್ಗಿಸುವ ಉದ್ದೇಶದಿಂದಲೇ ರೂಪುಗೊಂಡಿವೆ.

ಹೆಸರು

ಇಟಾಲಿಯನ್ ಭಾಷೆಯಲ್ಲಿ 'ಕನ್ನ' ಎಂದರೆ ಜೊಂಡು ಅಥವಾ ಬೆತ್ತದಂತಹ ಟೊಳ್ಳು ಕಾಂಡ. 'ಕನ್ನೋಲೊ' ಎಂದರೆ ಚಿಕ್ಕ ಕೊಳವೆ; ಅದರ ಬಹುವಚನ ರೂಪವೇ ಕನ್ನೋಲಿ. ಲೋಹದ ಕೊಳವೆಗಳು ಬಳಕೆಗೆ ಬರುವ ಮೊದಲು ನದೀತೀರದಲ್ಲಿ ಬೆಳೆಯುವ ಜೊಂಡಿನ ತುಂಡುಗಳಿಗೆ ಹಿಟ್ಟನ್ನು ಸುತ್ತಿ ಕರಿಯುತ್ತಿದ್ದರು. ಹೆಸರು ಬಂದದ್ದು ಆ ತುಂಡುಗಳಿಂದಲೇ ಹೊರತು ಒಳಗಿನ ಹೂರಣದಿಂದಲ್ಲ. ಸಿಸಿಲಿಯ ಆಡುಮಾತಿನಲ್ಲಿ ಕವಚವನ್ನು 'ಸ್ಕೊರ್ಚ' ಎನ್ನುತ್ತಾರೆ. ಸಿಪ್ಪೆ, ತೊಗಟೆ ಎಂಬುದು ಇದರ ಮೂಲಾರ್ಥ. ಬೆರಳಿನಷ್ಟೇ ಗಾತ್ರದ ಚಿಕ್ಕ ಕನ್ನೋಲಿಗಳೂ ಉಂಟು.

ಇತಿಹಾಸ

ಕ್ರಿ.ಶ. 827ರಲ್ಲಿ ಅರಬರು ಸಿಸಿಲಿಯ ಮೇಲೆ ದಾಳಿ ಆರಂಭಿಸಿ, ಕ್ರಮೇಣ ಇಡೀ ದ್ವೀಪವನ್ನು ವಶಪಡಿಸಿಕೊಂಡರು. 11ನೆಯ ಶತಮಾನದ ಕೊನೆಯ ಹೊತ್ತಿಗೆ ಅಧಿಕಾರ ನಾರ್ಮನ್ನರ ಪಾಲಾಯಿತು. ಈ ನಡುವಿನ ಕಾಲದಲ್ಲಿ ಕಬ್ಬು, ಹುಳಿ ಜಾತಿಯ ಹಣ್ಣುಗಳು ಮತ್ತು ಹೊಸ ನೀರಾವರಿ ಕ್ರಮಗಳು ದ್ವೀಪದಲ್ಲಿ ನೆಲೆಯೂರಿದವು. ಸಕ್ಕರೆಪಾಕದಲ್ಲಿ ಸಂಸ್ಕರಿಸಿದ ಹಣ್ಣು, ದಾಲ್ಚಿನ್ನಿ ಮತ್ತು ಒಣಬೀಜಗಳನ್ನು ಧಾರಾಳವಾಗಿ ಬಳಸುವ ಸಿಸಿಲಿಯ ಸಿಹಿತಿನಿಸುಗಳ ಹಿನ್ನೆಲೆಯಲ್ಲಿ ಈ ಕಾಲಘಟ್ಟವನ್ನು ಗುರುತಿಸುವುದು ರೂಢಿ. ಕೋಕೋ ಸೇರಿದ್ದು ಬಹಳ ತಡವಾಗಿ. ಅಮೆರಿಕ ಖಂಡದ ಈ ಬೆಳೆ, ದ್ವೀಪವು ಸ್ಪೇನಿನ ಆಳ್ವಿಕೆಗೆ ಒಳಪಟ್ಟಿದ್ದಾಗ ಅಲ್ಲಿಗೆ ತಲುಪಿತು.

ಕನ್ನೋಲಿಯ ಹುಟ್ಟಿನ ಬಗ್ಗೆ ಹೆಚ್ಚಾಗಿ ಕೇಳಿಬರುವ ಕಥೆ ಕಲ್ತಾನಿಸ್ಸೆತ್ತ ಪಟ್ಟಣಕ್ಕೆ ಸಂಬಂಧಿಸಿದ್ದು. ಊರಿನ ಹೆಸರನ್ನು 'ಸ್ತ್ರೀಯರ ಕೋಟೆ' ಎಂಬರ್ಥದ ಅರಬ್ಬೀ ಪದದಿಂದ ಬಂದದ್ದೆಂದು ವಿವರಿಸಿ, ಅಲ್ಲಿನ ಅರಬ್ ಅಧಿಪತಿಯ ಅಂತಃಪುರದ ಸ್ತ್ರೀಯರು ಇದನ್ನು ಮೊದಲು ಮಾಡಿದರೆಂದು ಹೇಳಲಾಗುತ್ತದೆ. ಇನ್ನೊಂದು ಕಥೆಯಲ್ಲಿ ಅದೇ ಊರಿನ ಸಮೀಪದ ಕ್ರೈಸ್ತ ಸನ್ಯಾಸಿನಿಯರಿಗೆ ಈ ಕೀರ್ತಿ ಸಲ್ಲುತ್ತದೆ. ಎರಡನ್ನೂ ಇತಿಹಾಸವೆನ್ನುವುದಕ್ಕಿಂತ ಐತಿಹ್ಯವೆನ್ನುವುದು ಸರಿ. ಆದರೆ ಎರಡನೆಯ ಕಥೆಯ ಹಿಂದೆ ಒಂದು ವಾಸ್ತವವಿದೆ: ಸಿಸಿಲಿಯ ಸನ್ಯಾಸಿನಿಯರ ಮಠಗಳು ಶತಮಾನಗಳ ಕಾಲ ಸಿಹಿತಿನಿಸುಗಳ ತಯಾರಿಕೆಗೆ ಹೆಸರಾಗಿದ್ದವು. ಹೊರಲೋಕದವರಿಗೆ ಮುಖ ತೋರಿಸದ ಸನ್ಯಾಸಿನಿಯರು, ಗೋಡೆಯಲ್ಲಿ ಅಳವಡಿಸಿದ ತಿರುಗುವ ಕಪಾಟಿನ ಮೂಲಕ ತಿಂಡಿ ನೀಡಿ ಹಣ ಪಡೆಯುತ್ತಿದ್ದರು. 1866ರ ಕಾನೂನಿನಿಂದ ಇಟಲಿಯ ಧಾರ್ಮಿಕ ಪಂಥಗಳು ವಿಸರ್ಜನೆಗೊಂಡು ಮಠಗಳ ಆಸ್ತಿ ಸರ್ಕಾರದ ಪಾಲಾಯಿತು.

ಮಠದ ಪಾಕವಿಧಾನಗಳು ಬರವಣಿಗೆಗೆ ಸಿಕ್ಕದೆ ಕೈಯಿಂದ ಕೈಗೆ ಗುಟ್ಟಾಗಿ ಸಾಗಿದ ಕಾರಣ ಎಷ್ಟೋ ವಿಧಾನಗಳು ಕಣ್ಮರೆಯಾದವು. ಎರಿಚೆ ಪಟ್ಟಣದ ಸಾನ್ ಕಾರ್ಲೊ ಸಂಸ್ಥೆಯಲ್ಲಿ ಬಾಲ್ಯ ಕಳೆದ ಮರಿಯ ಗ್ರಮ್ಮಾತಿಕೊ ಅಲ್ಲಿ ಕಲಿತ ವಿದ್ಯೆಯಿಂದಲೇ ಮುಂದೆ ಸ್ವಂತ ಅಂಗಡಿ ತೆರೆದರು. ಅವರ ನೆನಪುಗಳನ್ನೂ ಪಾಕಗಳನ್ನೂ ಮೇರಿ ಟೇಲರ್ ಸಿಮೆಟಿ 1994ರಲ್ಲಿ 'ಬಿಟರ್ ಆಲ್ಮಂಡ್ಸ್' ಎಂಬ ಪುಸ್ತಕದಲ್ಲಿ ದಾಖಲಿಸಿದರು. ಪಲೆರ್ಮೊ ನಗರದ ಸಂತ ಕತೆರೀನ ಮಠದ ಹಳೆಯ ಕಟ್ಟಡದಲ್ಲಿ ಇಂದು ಮಠಗಳ ಸಿಹಿತಿನಿಸುಗಳನ್ನು ಮಾರುವ ಮಳಿಗೆಯಿದೆ. ಅಲ್ಲಿ ಕನ್ನೋಲಿಯೂ ದೊರೆಯುತ್ತದೆ.

ಕನ್ನೋಲಿ ಮೂಲತಃ ಕಾರ್ನಿವಲ್ ಹಬ್ಬದ ತಿಂಡಿ. ಈಸ್ಟರಿಗೆ ಮುನ್ನ ಬರುವ ದೀರ್ಘ ಉಪವಾಸದ ಕಾಲದಲ್ಲಿ ಹಿಂದೆ ಕೊಬ್ಬು ಮತ್ತು ಹಾಲಿನ ಪದಾರ್ಥಗಳು ನಿಷಿದ್ಧವಾಗಿದ್ದುದರಿಂದ, ಅದರ ಹಿಂದಿನ ದಿನಗಳಲ್ಲಿ ಅವನ್ನು ತಿಂದು ಮುಗಿಸುವ ವಾಡಿಕೆಯಿತ್ತು. ಇನ್ನೊಂದು ಕಾರಣ ಹುಲ್ಲುಗಾವಲಿನದು. ಸಿಸಿಲಿಯ ಬೇಸಿಗೆ ಮಳೆಯಿಲ್ಲದ ಬಿರುಬೇಸಿಗೆ. ಶರತ್ಕಾಲದ ಮಳೆಯ ನಂತರವೇ ಮೇವು ಚಿಗುರಿ ಕುರಿಗಳ ಹಾಲು ಹೆಚ್ಚುತ್ತದೆ. ಚಳಿಗಾಲದಿಂದ ವಸಂತದವರೆಗಿನ ರಿಕೊಟ್ಟವೇ ಉತ್ತಮವೆಂದು ಇಂದಿಗೂ ಪರಿಗಣಿಸಲಾಗುತ್ತದೆ. ಈಗ ಕನ್ನೋಲಿ ವರ್ಷವಿಡೀ ಲಭ್ಯ. ಭಾನುವಾರದ ಊಟಕ್ಕೆ ಆಹ್ವಾನಿತರಾದವರು ಇದರ ತಟ್ಟೆಯೊಂದನ್ನು ಕೊಂಡೊಯ್ಯುವುದು ಸಾಮಾನ್ಯ ಶಿಷ್ಟಾಚಾರ.

ರಿಕೊಟ್ಟ

ಮನೆಯಲ್ಲಿ ಕನ್ನೋಲಿ ಮಾಡಲು ಹೊರಡುವವರು ಮೊದಲು ತಿಳಿಯಬೇಕಾದದ್ದು ರಿಕೊಟ್ಟದ ಸ್ವರೂಪ. ಈ ಪದದ ಅರ್ಥ 'ಮತ್ತೆ ಬೇಯಿಸಿದ್ದು'. ಗಿಣ್ಣು ತಯಾರಿಸಿದ ನಂತರ ಉಳಿಯುವ ತಿಳಿನೀರನ್ನು ಸುಮಾರು 80ರಿಂದ 90 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ, ಅದರಲ್ಲಿ ಕರಗಿರುವ ಪ್ರೋಟೀನುಗಳು ಹೆಪ್ಪುಗಟ್ಟಿ ಮೇಲಕ್ಕೆ ತೇಲುತ್ತವೆ. ಅವನ್ನು ಜರಡಿ ಸೌಟಿನಿಂದ ಎತ್ತಿ ಬುಟ್ಟಿಗಳಲ್ಲಿ ಸೋಸಲು ಇಡುತ್ತಾರೆ. ಹಾಲಿಗೆ ನಿಂಬೆರಸ ಹಿಂಡಿ ಒಡೆಸಿದಾಗ ಸಿಗುವ ಪನೀರ್ ಅಥವಾ ಛೇನಾ ಇದಕ್ಕಿಂತ ಭಿನ್ನ. ಅವುಗಳಲ್ಲಿ ಗಟ್ಟಿಯಾಗುವುದು ಮುಖ್ಯವಾಗಿ ಕೇಸೀನ್ ಎಂಬ ಪ್ರೋಟೀನು. ಅದು ಎಷ್ಟು ಅರೆದರೂ ಸ್ವಲ್ಪ ತರಿತರಿಯಾಗಿ, ಅಂಟಿನಂತೆ ಉಳಿಯುತ್ತದೆ. ಅನೇಕ ಪಾಕಪುಸ್ತಕಗಳು ಒಡೆದ ಹಾಲಿನ ಮುದ್ದೆಯನ್ನೇ 'ಮನೆಯ ರಿಕೊಟ್ಟ' ಎಂದು ಕರೆಯುತ್ತವೆ. ತುರ್ತಿಗೆ ಅದು ಒದಗಬಹುದಾದರೂ ಹೆಸರು ಮಾತ್ರ ತಪ್ಪು.

ಕುರಿಹಾಲಿನಲ್ಲಿ ಹಸುವಿನ ಹಾಲಿಗಿಂತ ಕೊಬ್ಬು ಮತ್ತು ಪ್ರೋಟೀನು ಎರಡೂ ಅಧಿಕ. ಆದುದರಿಂದ ಅದರ ರಿಕೊಟ್ಟಕ್ಕೆ ದಟ್ಟವಾದ ರುಚಿಯೂ ನುಣುಪೂ ಇರುತ್ತವೆ. ಹಸುವಿನ ಹಾಲಿನದನ್ನು ಬಳಸುವುದಾದರೆ ಇನ್ನೂ ದೀರ್ಘಕಾಲ ಸೋಸಬೇಕಾಗುತ್ತದೆ.

ಮನೆಯಲ್ಲಿ ತಯಾರಿಸುವ ವಿಧಾನ

ಕೆಲಸ ಹಿಂದಿನ ದಿನವೇ ಆರಂಭವಾಗುತ್ತದೆ. ಸುಮಾರು 20 ಕನ್ನೋಲಿಗಳಿಗೆ 750 ಗ್ರಾಂ ರಿಕೊಟ್ಟ ಬೇಕು. ಅದನ್ನು ತೆಳುವಾದ ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ರಾತ್ರಿಯಿಡೀ ತಂಪು ಪೆಟ್ಟಿಗೆಯಲ್ಲಿ ನೀರಿಳಿಯಲು ಬಿಡಬೇಕು. ಮರುದಿನ 250 ಗ್ರಾಂ ಸಕ್ಕರೆ ಬೆರೆಸಿ ಒಂದೆರಡು ಗಂಟೆ ಹಾಗೆಯೇ ಇಡಬೇಕು. ಸಕ್ಕರೆಯು ರಿಕೊಟ್ಟದಲ್ಲಿ ಅಡಗಿರುವ ನೀರನ್ನು ಮತ್ತಷ್ಟು ಹೊರಗೆಳೆಯುತ್ತದೆ. ಹಾಗೆ ಬಂದ ನೀರನ್ನು ಬಸಿದು, ಮಿಶ್ರಣವನ್ನು ಸಣ್ಣ ಕಣ್ಣಿನ ಜರಡಿಯ ಮೂಲಕ ಒತ್ತಿ ಇಳಿಸಿದರೆ ನುಣುಪಾದ ಹೂರಣ ದೊರೆಯುತ್ತದೆ. ವಿದ್ಯುತ್ ಮಿಕ್ಸರಿನಲ್ಲಿ ತಿರುಗಿಸಿದರೆ ಹೂರಣ ತೆಳ್ಳಗಾಗಿ ಹರಿಯುವ ಸಂಭವವಿದೆ; ಜರಡಿ ಹಿಡಿಯುವ ಶ್ರಮಕ್ಕೆ ಪರ್ಯಾಯವಿಲ್ಲ. ಕೊನೆಯಲ್ಲಿ ಚಾಕೊಲೇಟಿನ ಸಣ್ಣ ಚೂರುಗಳನ್ನು ಸೇರಿಸುತ್ತಾರೆ. ಸಕ್ಕರೆಪಾಕದಲ್ಲಿ ಬೇಯಿಸಿ ಒಣಗಿಸಿದ ಕುಂಬಳದ ಚೂರುಗಳನ್ನು ಹಾಕುವ ಹಳೆಯ ಪದ್ಧತಿಯೂ ಇದೆ.

ಕವಚಕ್ಕೆ 250 ಗ್ರಾಂ ಮೈದಾ, 30 ಗ್ರಾಂ ಸಕ್ಕರೆ, ಒಂದು ಚಮಚ ಕೋಕೋ ಪುಡಿ, ಚಿಟಿಕೆ ದಾಲ್ಚಿನ್ನಿ ಪುಡಿ ಹಾಗೂ ಉಪ್ಪನ್ನು ಕೂಡಿಸಿ, 30 ಗ್ರಾಂ ಹಂದಿಕೊಬ್ಬನ್ನು ಬೆರಳುಗಳಿಂದ ಹಿಟ್ಟಿಗೆ ಉಜ್ಜಬೇಕು. ಹಂದಿಕೊಬ್ಬನ್ನು ವರ್ಜಿಸುವವರು ಬೆಣ್ಣೆ ಬಳಸಬಹುದು. ಬಳಿಕ ಒಂದು ಮೊಟ್ಟೆಯ ಹಳದಿ ಭಾಗ, ಎರಡು ಚಮಚ ವಿನೆಗರ್ ಹಾಗೂ ಹಿಟ್ಟು ಕೂಡಿಕೊಳ್ಳುವಷ್ಟು, ಅಂದರೆ 70ರಿಂದ 80 ಮಿಲಿಲೀಟರಿನಷ್ಟು ಮರ್ಸಾಲ ಸೇರಿಸಿ ಕಲಸಬೇಕು. ಮರ್ಸಾಲವು ಸಿಸಿಲಿಯ ಪಶ್ಚಿಮ ತೀರದ ಅದೇ ಹೆಸರಿನ ಊರಿನ ದ್ರಾಕ್ಷಾಮದ್ಯ. ಇದರ ಅಂತರರಾಷ್ಟ್ರೀಯ ವ್ಯಾಪಾರವನ್ನು 1773ರಲ್ಲಿ ಜಾನ್ ವುಡ್‌ಹೌಸ್ ಎಂಬ ಇಂಗ್ಲಿಷ್ ವರ್ತಕ ಆರಂಭಿಸಿದನು. ಕಾದ ಎಣ್ಣೆಯಲ್ಲಿ ಮದ್ಯಸಾರವು ನೀರಿಗಿಂತ ಬೇಗ ಆವಿಯಾಗಿ ಕವಚದ ಮೇಲೆ ಗುಳ್ಳೆಗಳೇಳಲು ನೆರವಾಗುತ್ತದೆ. ಈ ಗುಳ್ಳೆಗಳು ಉತ್ತಮ ಕನ್ನೋಲಿಯ ಲಕ್ಷಣ. ನುಣ್ಣಗೆ ಹೊಳೆಯುವ ಕವಚವನ್ನು ಬಲ್ಲವರು ಮೆಚ್ಚುವುದಿಲ್ಲ.

ಕಲಸಿದ ಹಿಟ್ಟು ಚಪಾತಿಯ ಹಿಟ್ಟಿಗಿಂತ ಗಟ್ಟಿಯಾಗಿ, ಪೂರಿಯ ಹಿಟ್ಟಿನ ಹದದಲ್ಲಿರಬೇಕು. ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಕನಿಷ್ಠ ಒಂದು ಗಂಟೆ ನೆನೆಯಲು ಬಿಡದಿದ್ದರೆ ಲಟ್ಟಿಸುವಾಗ ಹಿಂದಕ್ಕೆ ಎಳೆದುಕೊಳ್ಳುತ್ತದೆ. ನೆನೆದ ಹಿಟ್ಟನ್ನು 1ರಿಂದ 2 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಸುಮಾರು 10 ಸೆಂಟಿಮೀಟರ್ ವ್ಯಾಸದ ಬಿಲ್ಲೆಗಳಾಗಿ ಕತ್ತರಿಸುತ್ತಾರೆ. ಪ್ರತಿ ಬಿಲ್ಲೆಯನ್ನು ಸ್ವಲ್ಪ ಅಂಡಾಕಾರಕ್ಕೆ ಎಳೆದು, ಕೊಳವೆಗೆ ಸಡಿಲವಾಗಿ ಸುತ್ತಿ, ಅಂಚುಗಳು ಒಂದರ ಮೇಲೊಂದು ಬರುವಲ್ಲಿ ಮೊಟ್ಟೆಯ ಬಿಳಿಭಾಗ ಸವರಿ ಒತ್ತಬೇಕು. ಹೊಸಬರ ಹೆಚ್ಚಿನ ಕವಚಗಳು ಕೆಡುವುದು ಈ ಹಂತದಲ್ಲೇ. ಬಿಳಿಭಾಗ ತುಸುವಾದರೂ ಕೊಳವೆಗೆ ತಗುಲಿದರೆ, ಕರಿದ ನಂತರ ಕವಚ ಅಂಟಿಕೊಂಡು ಬಿಡಿಸುವಾಗ ಒಡೆಯುತ್ತದೆ. ಅಂಟೇ ಸವರದಿದ್ದರೆ ಬಾಣಲೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಬಿಗಿಯಾಗಿ ಸುತ್ತಿದರೆ ಒಳಭಾಗಕ್ಕೆ ಎಣ್ಣೆ ತಲುಪದೆ ಹಸಿಯಾಗಿ ಉಳಿಯುತ್ತದೆ.

ಕರಿಯಲು ಸಿಸಿಲಿಯಲ್ಲಿ ಹಂದಿಕೊಬ್ಬನ್ನೇ ಬಳಸುವುದು ಹಳೆಯ ಕ್ರಮ. ಈಗ ಮನೆಗಳಲ್ಲಿ ಸಸ್ಯಜನ್ಯ ಎಣ್ಣೆಯ ಬಳಕೆಯೂ ಸಾಮಾನ್ಯ. ಎಣ್ಣೆಯ ಉಷ್ಣತೆ 170ರಿಂದ 180 ಡಿಗ್ರಿ ಸೆಲ್ಸಿಯಸ್ ಇರಬೇಕು. ಎರಡು ಅಥವಾ ಮೂರನ್ನು ಮಾತ್ರ ಒಮ್ಮೆಗೆ ಬಿಟ್ಟರೆ ಶಾಖ ಕುಗ್ಗುವುದಿಲ್ಲ. ಒಂದೂವರೆ ಇಲ್ಲವೆ ಎರಡು ನಿಮಿಷಗಳಲ್ಲಿ ಕವಚ ಗಾಢ ಕಂದು ಬಣ್ಣ ತಾಳುತ್ತದೆ. ಹಿಟ್ಟಿನಲ್ಲಿ ಕೋಕೋ ಇರುವುದರಿಂದ ಬಣ್ಣವೊಂದನ್ನೇ ನಂಬುವಂತಿಲ್ಲ, ಗುಳ್ಳೆಗಳ ಸದ್ದು ಅಡಗುವುದನ್ನೂ ಗಮನಿಸಬೇಕು. ಕೊಳವೆಯನ್ನು ತುಸು ಆರಿದ ಮೇಲೆ ತಿರುಚಿ ಹೊರತೆಗೆಯಬೇಕು. ಬಿಸಿ ಕೊಳವೆಗೆ ಮತ್ತೆ ಹಿಟ್ಟು ಸುತ್ತಿದರೆ ಕೊಬ್ಬು ಕರಗಿ ಹಿಟ್ಟು ಜಾರುತ್ತದೆ. ಪೂರ್ತಿ ತಣಿದ ಖಾಲಿ ಕವಚಗಳು ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರದವರೆಗೆ ಗರಿಗರಿಯಾಗಿ ಉಳಿಯುತ್ತವೆ.

ತುಂಬುವ ಸಮಯ

ಬಡಿಸುವ ಮುನ್ನವಷ್ಟೇ ತುಂಬುವುದು ಕನ್ನೋಲಿಯ ಮುಖ್ಯ ನಿಯಮ. ಅಗಲ ಬಾಯಿಯ ಚೀಲದಿಂದ ಅಥವಾ ಚಿಕ್ಕ ಚಮಚದಿಂದ ಎರಡೂ ತುದಿಗಳಿಂದ ಹೂರಣವನ್ನು ಒತ್ತುತ್ತಾರೆ. ಒಂದೇ ಕಡೆಯಿಂದ ತುಂಬಿದರೆ ನಡುವೆ ಟೊಳ್ಳು ಉಳಿಯುತ್ತದೆ. ಸಿಸಿಲಿಯ ಅನೇಕ ಅಂಗಡಿಗಳು ಕೇಳಿದ ಕ್ಷಣದಲ್ಲೇ ತುಂಬಿಕೊಡುವುದಾಗಿ ಫಲಕ ಹಾಕಿರುತ್ತವೆ. ಗಾಜಿನ ಕಪಾಟಿನಲ್ಲಿ ಬೆಳಗಿನಿಂದ ತುಂಬಿಟ್ಟ ಕನ್ನೋಲಿಯನ್ನು ಸ್ಥಳೀಯರು ಸಾಮಾನ್ಯವಾಗಿ ಕೊಳ್ಳುವುದಿಲ್ಲ. ಮುಂಚೆಯೇ ತುಂಬಬೇಕಾದ ಸಂದರ್ಭಗಳಿಗಾಗಿ ಕವಚದ ಒಳಗೋಡೆಗೆ ಕರಗಿಸಿದ ಚಾಕೊಲೇಟನ್ನು ಸವರುವ ಉಪಾಯವಿದೆ. ಕೋಕೋ ಬೆಣ್ಣೆಯ ಪದರ ಕೆಲವು ಗಂಟೆಗಳ ಮಟ್ಟಿಗೆ ತೇವವನ್ನು ತಡೆಯುತ್ತದೆ, ಜೊತೆಗೆ ರಿಕೊಟ್ಟದ ಸೂಕ್ಷ್ಮ ರುಚಿಯನ್ನೂ ಮರೆಮಾಡುತ್ತದೆ.

ಪ್ರಾದೇಶಿಕ ಭೇದಗಳು

ಪಲೆರ್ಮೊ ಸುತ್ತಮುತ್ತ ಕನ್ನೋಲಿಯ ತುದಿಗಳಿಗೆ ಸಕ್ಕರೆಪಾಕದ ಕಿತ್ತಳೆ ಸಿಪ್ಪೆಯನ್ನು ಅಂಟಿಸುತ್ತಾರೆ. ಪೂರ್ವದ ಕತಾನಿಯ ಕಡೆ ಪಿಸ್ತಾ ಚೂರುಗಳದೇ ಮೇಲುಗೈ. ಎಟ್ನಾ ಜ್ವಾಲಾಮುಖಿಯ ತಪ್ಪಲಿನ ಬ್ರೊಂತೆಯಲ್ಲಿ ಬೆಳೆಯುವ ಹಸಿರು ಪಿಸ್ತಾ ಇದಕ್ಕೆ ಪ್ರಸಿದ್ಧ. ಪಲೆರ್ಮೊ ಬಳಿಯ ಪಿಯಾನ ದೆಲಿ ಅಲ್ಬನೇಸಿ ಊರನ್ನು 1488ರಲ್ಲಿ ಅಲ್ಬೇನಿಯದ ನಿರಾಶ್ರಿತರು ಸ್ಥಾಪಿಸಿದರು. ಅಲ್ಲಿನವರು ಇಂದಿಗೂ ತಮ್ಮ ಪೂರ್ವಿಕರ ಭಾಷೆಯನ್ನು ಉಳಿಸಿಕೊಂಡಿದ್ದಾರೆ. ಆದರೆ ಸಿಸಿಲಿಯ ಜನ ಆ ಊರಿಗೆ ಪ್ರಯಾಣ ಬೆಳೆಸುವುದು ಹೆಚ್ಚಾಗಿ ಅದರ ದೊಡ್ಡ ಗಾತ್ರದ ಕನ್ನೋಲಿಗಾಗಿ. ತ್ರಾಪನಿ ಪ್ರಾಂತ್ಯದ ದಾತ್ತಿಲೊ ಎಂಬ ಹಳ್ಳಿಗೂ ಅಂಥದೇ ಖ್ಯಾತಿಯಿದೆ.

ಇದೇ ಸಿಹಿ ರಿಕೊಟ್ಟವನ್ನು ಕೇಕು ಮತ್ತು ಬಾದಾಮಿ ಲೇಪದ ನಡುವೆ ಇರಿಸಿದರೆ ಅದು ಕಸ್ಸಾತ ಎನಿಸುತ್ತದೆ. ಪದರ ಪದರವಾದ ಹಿಟ್ಟಿನಿಂದ ಸುರುಳಿ ಮಾಡಿ ಒಲೆಯಲ್ಲಿ ಬೇಯಿಸಿ, ಮೊಟ್ಟೆಯ ಕಸ್ಟರ್ಡ್ ತುಂಬುವ ಕನ್ನೊಂಚೀನಿ ಹೆಸರಿನಲ್ಲಿ ಹೋಲುತ್ತದಾದರೂ ಬೇರೆಯೇ ತಿನಿಸು.

ಇಟಲಿಯ ಹೊರಗೆ

1880ರಿಂದ 1920ರ ನಡುವೆ ಸುಮಾರು 40 ಲಕ್ಷ ಇಟಾಲಿಯನ್ನರು ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ವಲಸೆ ಹೋದರು. ಅವರಲ್ಲಿ ಹೆಚ್ಚಿನವರು ಸಿಸಿಲಿಯೂ ಸೇರಿದಂತೆ ದಕ್ಷಿಣ ಇಟಲಿಯವರು. ನ್ಯೂಯಾರ್ಕ್ ಹಾಗೂ ಬಾಸ್ಟನ್ ನಗರಗಳ ಇಟಾಲಿಯನ್ ಬಡಾವಣೆಗಳಲ್ಲಿ ಕನ್ನೋಲಿ ನೆಲೆಸಿದ್ದು ಹೀಗೆ. ಅಲ್ಲಿ ಕುರಿಹಾಲಿನ ರಿಕೊಟ್ಟ ಸುಲಭವಾಗಿ ಸಿಗದ ಕಾರಣ ಹಸುವಿನ ಹಾಲಿನದು ರೂಢಿಗೆ ಬಂತು. ಕೆಲವೆಡೆ ಮಸ್ಕರ್‌ಪೋನೆ ಎಂಬ ಕೆನೆಗಿಣ್ಣನ್ನು ಬೆರೆಸಿ, ವೆನಿಲ್ಲಾ ಸೇರಿಸುತ್ತಾರೆ. ಸಿಸಿಲಿಯವರಿಗೆ ಇದು ವಿಪರೀತ ಸಿಹಿಯೆನಿಸಬಹುದು; ಆದರೆ ನೂರು ವರ್ಷಕ್ಕೂ ಮಿಕ್ಕಿ ಬಾಳಿದ ಈ ಭೇದವನ್ನು ನಕಲೆಂದು ತಳ್ಳಿಹಾಕಲಾಗದು.

ಅಮೆರಿಕದಲ್ಲಿ 'ಕನ್ನೋಲಿ' ಪದವನ್ನೇ ಏಕವಚನವಾಗಿಯೂ ಬಳಸುತ್ತಾರೆ. 1972ರ 'ದ ಗಾಡ್‌ಫಾದರ್' ಚಲನಚಿತ್ರದ ಕೊಲೆಯ ದೃಶ್ಯವೊಂದರಲ್ಲಿ ಕಾರಿನಲ್ಲಿ ಉಳಿದ ಕನ್ನೋಲಿ ಪೊಟ್ಟಣದ ಪ್ರಸ್ತಾಪ ಬರುತ್ತದೆ. 1990ರಲ್ಲಿ ತೆರೆಕಂಡ ಅದರ ಮೂರನೆಯ ಭಾಗದಲ್ಲಿ, ಪಲೆರ್ಮೊದ ಮಾಸ್ಸಿಮೊ ರಂಗಮಂದಿರದಲ್ಲಿ ಒಪೆರಾ ನಡೆಯುತ್ತಿರುವಾಗ ಪಾತ್ರವೊಂದು ವಿಷ ಬೆರೆಸಿದ ಕನ್ನೋಲಿ ತಿಂದು ಸಾಯುತ್ತದೆ.