ಒಂದು ಚಮಚ ಎಷ್ಟು ಆಮ್ಲ ತಣಿಸುತ್ತದೆ?

ನವೆಂಬರ್ ಬಂತೆಂದರೆ ಜೋಗುಪಾಳ್ಯದ ನಮ್ಮ ಬೀದಿಯ ಪಿಯು ಮಕ್ಕಳು ಒಂದೇ ಪ್ರಾಜೆಕ್ಟ್ ಹಿಡಿದು ಮನೆಗೆ ಬರುತ್ತಾರೆ: ಯಾವ ಆ್ಯಂಟಾಸಿಡ್ ಹೆಚ್ಚು ಪರಿಣಾಮಕಾರಿ? ಫಾರ್ಮಸಿ ಪಾಠ ಹೇಳಿಯೇ ನಿವೃತ್ತನಾದವನು ನಾನು. ಈ ಸಲ ಬಂದ ಹುಡುಗಿಯ ರೆಕಾರ್ಡಿನಲ್ಲಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಮಾತ್ರೆಗೆ ಕೊನೆಯ ಸ್ಥಾನ, ಬುಸ್ಸೆಂದು ಉಕ್ಕುವ ಪುಡಿಗೆ ಮೊದಲ ಸ್ಥಾನ. ತಪ್ಪು ಅವಳದಲ್ಲ, ಫಿನಾಲ್ಫ್ತಲೀನ್ ಹಾಕಿ ಎಂದ ಕೈಪಿಡಿಯದು.

ಆಮ್ಲಪಿತ್ತಕ್ಕೆ ಶಂಖಭಸ್ಮ ಕೊಟ್ಟ ನಮ್ಮ ವೈದ್ಯರು ಸುಣ್ಣದ ಗುಣ ಬಲ್ಲವರು. ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಎಂದು ವಿಲಿಯಂ ಪ್ರೌಟ್ 1824ರಲ್ಲಿ ಪ್ರಕಟಿಸಿದ. 1915ರಲ್ಲಿ ಶಿಕಾಗೋದ ಸಿಪ್ಪಿ, ಗಂಟೆಗೊಮ್ಮೆ ಹಾಲು-ಕೆನೆ, ನಡುವೆ ಕ್ಷಾರದ ಪುಡಿ ಕೊಡುವ ಚಿಕಿತ್ಸೆ ತಂದ.

ಅಳತೆಗೆ ಶಿಸ್ತು ಬಂದದ್ದು ತಡವಾಗಿ. 1954ರಲ್ಲಿ ರೋಸೆಟ್ ಮತ್ತು ರೈಸ್ ಮಾತ್ರೆಯ ಮೇಲೆ ಆಮ್ಲವನ್ನು ಸತತವಾಗಿ ತೊಟ್ಟಿಕ್ಕಿಸಿ, ಪಿಎಚ್ 3ರಿಂದ 5ರ ನಡುವೆ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡಿದರು. ಹೊಟ್ಟೆಯೂ ಆಮ್ಲವನ್ನು ಒಮ್ಮೆಗೇ ಸುರಿಯುವುದಿಲ್ಲವಲ್ಲ! 1973ರಲ್ಲಿ ಫೋರ್ಡ್‌ಟ್ರಾನ್ ತಂಡ ದ್ರವ ಆ್ಯಂಟಾಸಿಡ್‌ಗಳನ್ನು ಬೀಕರಿನಲ್ಲೂ ಮನುಷ್ಯರಲ್ಲೂ ಪರೀಕ್ಷಿಸಿ, ಅವುಗಳ ಸಾಮರ್ಥ್ಯದಲ್ಲಿ ಅಜಗಜಾಂತರವಿದೆಯೆಂದು ತೋರಿಸಿತು. ಮರುವರ್ಷ ಅಮೆರಿಕದ ಎಫ್‌ಡಿಎ, ಒಂದು ಡೋಸ್ ಕನಿಷ್ಠ 5 ಮಿಲಿ ಈಕ್ವಿವಲೆಂಟ್ ಆಮ್ಲವನ್ನಾದರೂ ತಣಿಸಬೇಕೆಂದು ನಿಯಮ ಮಾಡಿತು. ಒಂದು ನಾರ್ಮಲ್ ಆಮ್ಲದ ಒಂದು ಮಿ.ಲೀ.ನಲ್ಲಿರುವುದೇ ಒಂದು ಮಿಲಿ ಈಕ್ವಿವಲೆಂಟ್.

ಈ ತಣಿಸುವ ಸಾಮರ್ಥ್ಯವನ್ನು ಅಳೆಯಲು ನಮ್ಮ ತಲೆಮಾರು ಕೈ ಪಳಗಿಸಿಕೊಂಡದ್ದು ಹೀಗೆ. ಮಾತ್ರೆಯನ್ನು ನುಣ್ಣಗೆ ಅರೆದು 70 ಮಿ.ಲೀ. ನೀರಿಗೆ ಹಾಕಿ, 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ 30 ಮಿ.ಲೀ. ಸೇರಿಸಿ, ಮೈಬಿಸಿಯ 37 ಡಿಗ್ರಿಯಲ್ಲಿ ಹದಿನೈದು ನಿಮಿಷ ಕಲಕುವುದು. ಉಳಿದ ಆಮ್ಲಕ್ಕೆ ಬ್ಯುರೆಟ್ಟಿನಿಂದ 0.5 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟು, ಪಿಎಚ್ ಮೀಟರ್ 3.5ರಲ್ಲಿ ಸ್ಥಿರವಾದೊಡನೆ ನಿಲ್ಲಿಸುವುದು. 36 ಮಿ.ಲೀ. ಖರ್ಚಾದರೆ ಉಳಿದಿದ್ದ ಆಮ್ಲ 18. ಮಾತ್ರೆ ತಣಿಸಿದ್ದು 30ರಲ್ಲಿ 18 ಕಳೆದು 12.

3.5ರಲ್ಲೇ ಏಕೆ? ಫಿನಾಲ್ಫ್ತಲೀನ್ ಬಣ್ಣ ತಿರುಗುವುದು ಪಿಎಚ್ 8 ದಾಟಿದ ಮೇಲೆ. ಅಷ್ಟರೊಳಗೆ, ಆಮ್ಲದಲ್ಲಿ ಕರಗಿದ್ದ ಅಲ್ಯೂಮಿನಿಯಂ ಮತ್ತೆ ಹೈಡ್ರಾಕ್ಸೈಡ್ ಆಗಿ ಕೆಳಗೆ ಕೂರುತ್ತದೆ, ಕೂರುತ್ತಾ ನಮ್ಮ ಕ್ಷಾರವನ್ನೇ ತಿನ್ನುತ್ತದೆ. ಮಾತ್ರೆ ಏನೂ ಕೆಲಸ ಮಾಡಲಿಲ್ಲವೆಂದು ಲೆಕ್ಕ ಸುಳ್ಳು ಹೇಳುತ್ತದೆ. ಹುಡುಗಿಯ ರೆಕಾರ್ಡಿನಲ್ಲಿ ಆಗಿದ್ದು ಇದೇ.

ಲೇಬಲ್‌ನ ಮಿಲಿಗ್ರಾಂ ನೋಡಿ ಕೊಳ್ಳುವವರಿಗೂ ಒಂದು ಮಾತು. ಕಾಗದದ ಲೆಕ್ಕದಲ್ಲಿ 500 ಮಿ.ಗ್ರಾಂ ಅಡುಗೆ ಸೋಡಾ ಸುಮಾರು 6 ಮಿಲಿ ಈಕ್ವಿವಲೆಂಟ್ ಆಮ್ಲ ತಣಿಸಿದರೆ, ಅಷ್ಟೇ ಕ್ಯಾಲ್ಸಿಯಂ ಕಾರ್ಬೊನೇಟ್ 10, ಮೆಗ್ನೀಷಿಯಂ ಹೈಡ್ರಾಕ್ಸೈಡ್ 17 ತಣಿಸುತ್ತವೆ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್‌ಗೆ 19 ಬರುತ್ತದೆ. ಆದರೆ ಒಣಗಿಸಿದ ಜೆಲ್ ನಿಧಾನ, ಹದಿನೈದು ನಿಮಿಷದಲ್ಲಿ ಪೂರ್ತಿ ಕೆಲಸ ಮುಗಿಸದಿರಬಹುದು. ಅದಕ್ಕೇ ಕಾಗದದ ಲೆಕ್ಕ ಸಾಲದು, ಬ್ಯುರೆಟ್ ಬೇಕು.

ನಮ್ಮ ನಾಡಿಗೆ ಈ ಕಥೆ ಹೊರಗಿನದಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ ಡ್ಯುಯೋಡಿನಲ್ ಅಲ್ಸರ್‌ಗೂ ದಿನದ ಊಟಕ್ಕೂ ಇರುವ ನಂಟನ್ನು ಬೆನ್ನುಹತ್ತಿ, ಆಮೇಲೂ ದಶಕಗಳ ಕಾಲ ಬರೆದರು. ಅಂಥ ತಾಳ್ಮೆಯ ಕೆಲಸಕ್ಕೆ ಸಿಗಬೇಕಾದ ಗೌರವ ಇಲ್ಲಿ ಸಿಕ್ಕಿಲ್ಲ.

1976ರಲ್ಲಿ ಸಿಮೆಟಿಡಿನ್, 1980ರ ದಶಕದ ಕೊನೆಗೆ ಒಮೆಪ್ರಜೋಲ್ ಬಂದವು. ಇವು ಆಮ್ಲ ಸ್ರವಿಸುವುದನ್ನೇ ತಗ್ಗಿಸುತ್ತವೆ, ಇರುವ ಆಮ್ಲವನ್ನು ತಣಿಸುವುದಿಲ್ಲ. ಆದರೂ ಇಂದು ಎಲ್ಲಕ್ಕೂ ಒಂದೇ ಹೆಸರು: ಗ್ಯಾಸ್ ಮಾತ್ರೆ. ಆ ಹೆಸರಿನಡಿ ನಮ್ಮ ಹಳೆಯ ಲೆಕ್ಕವೂ ಮರೆಯಾಯಿತು. ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ನಾನು ಕೊಂಡ ಬಾಟಲಿಗಳ ಮೇಲೆಲ್ಲ ಮಿಲಿಗ್ರಾಂ ಇತ್ತು. ಒಂದು ಚಮಚ ಎಷ್ಟು ಆಮ್ಲ ತಣಿಸುತ್ತದೆಂಬ ಅಂಕಿ ಇರಲಿಲ್ಲ. ತಯಾರಕರು ಅದನ್ನು ಅಚ್ಚು ಹಾಕಲಿ. ಉಪನ್ಯಾಸಕ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ: ಈ ವರ್ಷದ ಪ್ರಾಜೆಕ್ಟಿಗೆ ಫಿನಾಲ್ಫ್ತಲೀನ್ ಬದಿಗಿಟ್ಟು, ಮಕ್ಕಳ ಕೈಗೆ ಪಿಎಚ್ ಮೀಟರ್ ಕೊಡಿ.